ದುರ್ಗದಬೈಲಿನ ಗೋಬಿ

ನಿನ್ನೆ ಸಂಜೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸುಮ್ನೆ ಸುತ್ತಾಡುತ್ತಿದ್ದೆ. ಗೋಬಿ ಗಾಡಿ ಮುಂದೆ ಕಾಲು ತಾನಾಗಿಯೇ ನಿಂತಿತು. ಕಾದ ಬಾಣಲೆಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಬಿದ್ದದ್ದೇ ತಡ, ಚೊಂಯ್ ಅಂತ ಸದ್ದು, ಮೂಗಿಗೆ ಆ ಘಾಟು. ಎರಡೇ ನಿಮಿಷ, ಪ್ಲೇಟು ಕೈಯಲ್ಲಿ! 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿತ್ತಲ್ವಾ, ಇಲ್ಲಿ ಆ ಕಡುಗೆಂಪು ಕಾಣಲಿಲ್ಲ. ಆದರೆ ಎಣ್ಣೆ? ಎಷ್ಟು ಸಲ ಕಾದಿದೆಯೋ, ಕೇಳೋಕೆ ಧೈರ್ಯ ಬರಲಿಲ್ಲ. ಉಪ್ಪಂತೂ ಜಾಸ್ತಿಯೇ. ರಾತ್ರಿ ಎರಡಕ್ಕೆ ಎದ್ದು ಮೂರು ಲೋಟ ನೀರು ಕುಡಿದೆ.

ಅಡುಗೆಮನೆಯಲ್ಲಿ ಅವ್ವ ಮಾಡಿಟ್ಟಿದ್ದ ಜೋಳದ ರೊಟ್ಟಿ, ಎಣಗಾಯಿ ಹಾಗೇ ಇತ್ತು. ಬೆಳಿಗ್ಗೆ ಅದನ್ನೇ ತಿಂದೆ.

"ನಿನ್ನೆ ಏನ್ ತಿಂದ್ ಬಂದಿದ್ದಿ?" ಅಂದಳು ಅವ್ವ.

ಗಿರ್ಮಿಟ್ ಅಂತ ಸುಳ್ಳು ಹೇಳಿದೆ.