ಮುರಿಯದ ಕಿವಿರು

14 ಸೆಪ್ಟೆಂಬರ್ 2024, ಶನಿವಾರ

ವಾರದ ನಡುವೆ ಎರಡು ದಿನ ಬಿಡದೆ ಮಳೆ ಸುರಿದಿತ್ತು. ಇವತ್ತು ಬೆಳಿಗ್ಗೆ ಗೆಳತಿಯ ಜೊತೆ ಬೀಚ್ ಅನ್ನುವ ಮರಗಳ ಕಾಡಿಗೆ ಹೋದೆ. ದಟ್ಟವಾಗಿ ತರಗೆಲೆ ಬಿದ್ದಿದ್ದ ಕಡೆ ಏನೂ ಇರಲಿಲ್ಲ. ಕಾಲುದಾರಿಯ ಅಂಚಿನಲ್ಲಿ ಪಾಚಿ ಕಟ್ಟಿದ ಜಾಗ ಒಂದಿತ್ತು. ಅಲ್ಲೇ ಮೂರು ಅಣಬೆ. ಮೊದಲು ನೋಡಿದ್ದು ಅವಳು, ನಾನು ದಾಟಿಕೊಂಡೇ ಹೋಗಿದ್ದೆ.

ಮೂರಕ್ಕೂ ಮೂರು ಬಣ್ಣ. ಒಂದು ಪೂರ್ತಿ ನೇರಳೆ. ಇನ್ನೊಂದರ ನಡುವೆ ಹಸಿರು, ಅಂಚಿಗೆ ನೇರಳೆ. ಮೂರನೆಯದು ಬೂದಿ ಬಣ್ಣ, ಅರ್ಧ ಟೋಪಿಯನ್ನು ಗೊಂಡೆಹುಳ ತಿಂದು ಹಾಕಿತ್ತು. ಇವೆಲ್ಲ ಒಂದೇ ಜಾತಿಯಾ ಅಂತ ಅನುಮಾನ ಬರುವುದು ಸಹಜ. ಆದರೆ ಇವು ರುಸುಲಾ ಅನ್ನುವ ಅಣಬೆ ಕುಲದವು ಅನ್ನಿಸಿತು, ರುಸುಲಾಗಳ ವಿಷಯದಲ್ಲಿ ಬಣ್ಣವನ್ನು ಜಾಸ್ತಿ ನಂಬಬಾರದು. ಒಂದೇ ಜಾತಿ ಹಲವು ಬಣ್ಣದಲ್ಲಿ ಬರುತ್ತದೆ, ಮಳೆಗೆ ಬಣ್ಣ ತೊಳೆದೂ ಹೋಗುತ್ತದೆ.

ಚಾಕುವಿನಿಂದ ಕತ್ತರಿಸದೆ, ಬುಡದ ಮಣ್ಣು ಕೆದಕಿ ಇಡಿಯಾಗಿ ಎತ್ತಿದೆ. ಹಸಿರು ಛಾಯೆಯ ಟೋಪಿ, ಅದರ ಅಡಿಯಲ್ಲಿ ಬಿಳಿ ಕಿವಿರು (ಹಾಳೆ ಹಾಳೆಯಾಗಿರುವ ತೆಳು ಪದರಗಳು), ಬೀಚ್ ಮರದ ಅಡಿ ಅಂದರೆ ಪ್ರಾಣ ತೆಗೆಯುವ ಡೆತ್ ಕ್ಯಾಪ್ ಕೂಡ ಇರಬಹುದು. ಅದರ ಬುಡದಲ್ಲಿ ಬಿಳಿ ಚೀಲವೊಂದು ಮಣ್ಣಲ್ಲಿ ಹುದುಗಿರುತ್ತದೆ. ಮೇಲೆ ಕತ್ತರಿಸಿದರೆ ಚೀಲ ಅಲ್ಲೇ ಉಳಿಯುತ್ತದೆ, ಗುರುತೂ ಅಲ್ಲೇ ಉಳಿಯುತ್ತದೆ. ನನ್ನ ಕೈಯಲ್ಲಿದ್ದುದಕ್ಕೆ ಚೀಲವೂ ಇರಲಿಲ್ಲ, ದಂಟಿನ ಸುತ್ತ ಉಂಗುರವೂ ಇರಲಿಲ್ಲ.

ದಂಟನ್ನು ಬಗ್ಗಿಸಿದೆ. ಚಾಕ್‌ಪೀಸ್ ಮುರಿದ ಹಾಗೆ ಟಕ್ ಅಂತ ಮುರಿಯಿತು. ಬೇರೆ ಹೆಚ್ಚಿನ ಅಣಬೆಗಳ ದಂಟು ನಾರುನಾರಾಗಿ ಸೀಳುತ್ತದೆ. ರುಸುಲಾದ ಒಳಗೆ ಉದ್ದ ಎಳೆಗಳ ನಡುವೆ ಗುಂಡು ಕೋಶಗಳ ಗುಂಪು ತುಂಬಿರುತ್ತದೆ, ಅದಕ್ಕೇ ಈ ಪೆಡಸು. ಮುರಿದಲ್ಲಿ ಹಾಲು ಒಸರಲಿಲ್ಲ. ಒಸರಿದ್ದರೆ ಅದರ ಹತ್ತಿರದ ನೆಂಟ ಲ್ಯಾಕ್ಟೇರಿಯಸ್ ಅನ್ನಬಹುದಿತ್ತು.

ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಕಿವಿರಿನ ಮೇಲೆ ಬೆರಳಾಡಿಸಿದೆ. ರುಸುಲಾಗಳಿಗೆ ಇಂಗ್ಲಿಷಿನಲ್ಲಿರುವ ಬ್ರಿಟಲ್‌ಗಿಲ್ ಅನ್ನುವ ಹೆಸರೇ ಕಿವಿರು ಪುಡಿಯಾಗುತ್ತದೆ ಅಂತ. ಮುಟ್ಟಿದರೆ ಬಾದಾಮಿ ಚೂರಿನ ಹಾಗೆ ಉದುರಬೇಕು. ಇದು ಉದುರಲಿಲ್ಲ. ಮೇಣ ಸವರಿದ ಕಾಗದದ ಹಾಗೆ ಬಾಗಿತು, ಬಿಟ್ಟರೆ ಮತ್ತೆ ನೆಟ್ಟಗಾಯಿತು. ಬೆರಳಿಗೆ ಜಿಡ್ಡು ಹತ್ತಿದ ಹಾಗಿತ್ತು.

"ಹಾಗಾದ್ರೆ ಇದು ಬ್ರಿಟಲ್‌ಗಿಲ್ ಅಲ್ಲವೇ ಅಲ್ಲ ಬಿಡು," ಅಂದಳು ಅವಳು.

ಒಂದು ಕ್ಷಣ ನನಗೂ ಹಾಗೇ ಅನ್ನಿಸಿತು. ಆಮೇಲೆ ನೆನಪಾಯಿತು, ನಿಯಮ ಮುರಿಯುವವನು ಒಬ್ಬನಿದ್ದಾನಲ್ಲ! ರುಸುಲಾ ಸಯನೋಕ್ಸಾಂತಾ. ಇಂಗ್ಲಿಷಿನಲ್ಲಿ ಚಾರ್ಕೋಲ್ ಬರ್ನರ್, ಅಂದರೆ ಇದ್ದಿಲು ಸುಡುವವನು. ಇದ್ದಿಲ ಬೆಂಕಿಯಲ್ಲಿ ಕಾಣುವ ಬಣ್ಣಗಳೆಲ್ಲ ಟೋಪಿಯಲ್ಲಿ ಇರುತ್ತವೆ ಅಂತ ಆ ಹೆಸರು. 1863ರಲ್ಲಿ ಸ್ವೀಡನ್ನಿನ ಅಣಬೆ ತಜ್ಞ ಫ್ರೀಸ್ ಇದನ್ನು ರುಸುಲಾ ಕುಲಕ್ಕೆ ಸೇರಿಸಿದ. ಗ್ರೀಕ್ ಮೂಲದ ಆ ಹೆಸರಿನಲ್ಲಿ ಇರುವುದು ನೀಲಿ ಮತ್ತು ಹಳದಿ. ನನ್ನ ಮೂರರಲ್ಲಿ ಹಳದಿ ಎಲ್ಲಿತ್ತೋ, ನನಗಂತೂ ಕಾಣಲಿಲ್ಲ.

ಸಂಜೆ ಮನೆಯಲ್ಲಿ ಫೆರಸ್ ಸಲ್ಫೇಟ್ ಅನ್ನುವ ಕಬ್ಬಿಣದ ಲವಣದ ಪರೀಕ್ಷೆ. ಡಬ್ಬಿ ತೆಗೆದರೆ ಹಸಿರು ಹರಳುಗಳು ತುಕ್ಕು ಬಣ್ಣಕ್ಕೆ ತಿರುಗಿದ್ದವು. ಮುಚ್ಚಳ ಸರಿಯಾಗಿ ಹಾಕದ ತಪ್ಪು ನನ್ನದೇ. ಮೇಲಿನ ಪದರ ಕೆರೆದು, ಒಳಗಿನ ಹಸಿರು ಭಾಗವನ್ನು ದಂಟಿಗೆ ಉಜ್ಜಿದೆ. ಹೆಚ್ಚಿನ ರುಸುಲಾಗಳಲ್ಲಿ ಉಜ್ಜಿದ ಜಾಗ ಮಾಸಲು ಗುಲಾಬಿ ಆಗುತ್ತದೆ. ಇದರಲ್ಲಿ ಏನೂ ಆಗಲಿಲ್ಲ. ಹರಳೇ ಕೆಟ್ಟಿದೆಯೇನೋ ಅಂತ, ಅದೇ ಕಾಡಿನಿಂದ ತಂದ ಕೆಂಪು ರುಸುಲಾಕ್ಕೂ ಉಜ್ಜಿದೆ. ಅದು ಗುಲಾಬಿಗೆ ತಿರುಗಿತು. ಹರಳು ಕೆಟ್ಟಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನೋಡಿದರೆ ನೇರಳೆಯದರ ದಂಟಿನಲ್ಲಿ ತೀರಾ ತೆಳು ಹಸಿರು. ಈ ಜಾತಿ ಹಾಗೇ ಮಾಡುವುದು.

ರುಚಿಯನ್ನೂ ನೋಡಿದೆ. ರುಸುಲಾ ಅಂತ ಖಾತ್ರಿಯಾದ ಮೇಲೆ ಮಾತ್ರ, ಅಕ್ಕಿಕಾಳಿನಷ್ಟು ಚೂರು ನಾಲಿಗೆ ತುದಿಗೆ, ಆಮೇಲೆ ಉಗಿಯುವುದು. ಸಪ್ಪೆ. ಖಾರವಿಲ್ಲ. ಕೆಂಪಿನದನ್ನು ಬಾಯಿಗಿಡಲಿಲ್ಲ. ಬೀಚ್ ಅಡಿಯ ಕೆಂಪು ರುಸುಲಾ ಹೆಚ್ಚಾಗಿ ಖಾರದ್ದು, ಹೊಟ್ಟೆ ಕೆಡಿಸುವಂಥದ್ದು ಅಂತ ಗೊತ್ತಿದ್ದೂ ನಾಲಿಗೆ ಸುಟ್ಟುಕೊಳ್ಳುವುದು ಯಾಕೆ? ಹೊಸಬರು ಈ ರುಚಿ ನೋಡುವ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಪೂರ್ವ ಏಷ್ಯಾದ ರುಸುಲಾ ಸಬ್‌ನೈಗ್ರಿಕನ್ಸ್ ತಿಂದು ಜನ ಸತ್ತಿದ್ದಾರೆ, ಸ್ನಾಯುಗಳೇ ಕರಗುವ ವಿಷ ಅದು.

ಇದನ್ನು ತೋಟದಲ್ಲಿ ಬೆಳೆಸಬಹುದಾ ಅಂತ ಗೆಳತಿ ಕೇಳಿದ್ದಳು. ಆಗುವುದಿಲ್ಲ. ಇದು ಕೊಳೆತ ಮರ ತಿಂದು ಬದುಕುವುದಲ್ಲ. ಬೀಚ್, ಓಕ್‌ನಂಥ ಮರಗಳ ಬೇರಿನ ತುದಿಗೆ ತನ್ನ ಎಳೆ ಸುತ್ತಿಕೊಂಡು, ಮಣ್ಣಿನ ನೀರು, ರಂಜಕ ಕೊಟ್ಟು ಮರದ ಸಕ್ಕರೆ ಪಡೆಯುತ್ತದೆ. ಮರ ಬಿಟ್ಟರೆ ಅಣಬೆ ಇಲ್ಲ. ಹಾಗಾಗಿ ಮೇಲೆ ಯಾವ ಮರ ಅಂತ ಬರೆದುಕೊಳ್ಳದವನು ಅರ್ಧ ಗುರುತನ್ನು ಕಾಡಲ್ಲೇ ಬಿಟ್ಟು ಬಂದ ಹಾಗೆ.

ನೇರಳೆ ಟೋಪಿಯನ್ನು ಗಾಜಿನ ಚೂರಿನ ಮೇಲೆ ಬೋರಲು ಹಾಕಿ, ಮೇಲೆ ಲೋಟ ಮುಚ್ಚಿ ಮಲಗುತ್ತಿದ್ದೇನೆ. ಕಿವಿರಿನಿಂದ ಗಾಜಿಗೆ ಉದುರುವ ಬೀಜಕಣ ಬಿಳಿಯೋ ಕೆನೆ ಬಣ್ಣವೋ ನೋಡಬೇಕು. ಕೆನೆಯಾದರೆ ರುಸುಲಾ ಗ್ರೀಸಿಯಾ ಇರಬಹುದು. ಅದೂ ನೇರಳೆ-ಬೂದಿಯೇ, ಅದೂ ಬೀಚ್ ಅಡಿಯೇ. ಆದರೆ ಅದರ ಕಿವಿರು ಮುರಿಯುತ್ತದೆ.

ಭಾನುವಾರ ಬೆಳಿಗ್ಗೆ ಸೇರಿಸಿದ್ದು: ಬಿಳಿ. ಗಾಜನ್ನು ಕಪ್ಪು ಕಾಗದದ ಮೇಲಿಟ್ಟೂ ನೋಡಿದೆ, ಬಿಳಿ ಕಾಗದದ ಮೇಲಿಟ್ಟೂ ನೋಡಿದೆ. ಲಕೋಟೆಯ ಮೇಲೆ "ರು. ಸಯನೋಕ್ಸಾಂತಾ, ಬೀಚ್ ಕೆಳಗೆ, ಪಾಚಿಯಲ್ಲಿ, ಮೂರು" ಅಂತ ಬರೆದು, ನಿನ್ನೆ ಪೆನ್ಸಿಲ್ಲಲ್ಲಿ ಹಾಕಿದ್ದ ಪ್ರಶ್ನೆಚಿಹ್ನೆ ಅಳಿಸಿದೆ.