ಹಸಿರು ಟಿಕ್ಕು, ತಣ್ಣನೆ ಪೈಪು

ಪುಣೆಯ ಹಿಂಜೆವಾಡಿಯಲ್ಲಿ ನಮಗೆ ರಾತ್ರಿ ಹತ್ತೂವರೆ ಆದಾಗ ಮಿನೆಸೋಟದಲ್ಲಿ ಬೆಳಗಿನ ಹನ್ನೊಂದು. ನೆಲದಡಿಯ ಪೈಪುಗಳಲ್ಲಿ ಬಿಸಿನೀರು ಹರಿಸಿ ಮನೆ ಬೆಚ್ಚಗಿಡುವ ಪ್ರಾಡಕ್ಟಿಗೆ ಇಲ್ಲಿಂದಲೇ ಫೋನ್ ಸಪೋರ್ಟ್ ಕೊಡುವುದು ನಮ್ಮ ಕೆಲಸ. ಜನವರಿ ಬಂತೆಂದರೆ ಅಲ್ಲಿಯ ಚಳಿಯೆಲ್ಲ ನಮ್ಮ ಕ್ಯೂಗೆ ಬಂದು ಕೂತಿರುತ್ತದೆ. ಅವತ್ತು ಮೊದಲು ಫೋನ್ ಎತ್ತುವ ಎಲ್1ನ ಹುಡುಗ ಹೆಡ್‌ಸೆಟ್ ಕಿತ್ತು "ಕಾನಡೀ ಕೋಣ ಆಹೇ ಇಕಡೇ?" ಅಂತ ಕೂಗಿದ. ಶಿಫ್ಟಿನಲ್ಲಿ ಕನ್ನಡದವರು ಇಬ್ಬರೇ: ಲೀಡ್ ಧಾರವಾಡದ ಸರ್, ಬಾಗಲಕೋಟೆಯ ನಾನು. ಸರ್ ಎಸ್ಕಲೇಶನ್ ಕಾಲ್‌ನಲ್ಲಿದ್ದರು, ಹಾಗಾಗಿ ನನ್ನ ಪಾಲಿಗೆ ಬಂತು.

ಟಿಕೆಟ್, ಅಂದರೆ ದೂರು, ಮಗಳ ಹೆಸರಿನಲ್ಲಿತ್ತು. ಆಕೆ ಆಫೀಸಿಗೆ ಹೋಗಿದ್ದಳು. ಮನೆಯಲ್ಲಿ ಹುಬ್ಬಳ್ಳಿಯಿಂದ ಬಂದ ತಾಯಿ ಒಬ್ಬರೇ. ಹೊರಗೆ ಮೈನಸ್ 20 ಸೆಲ್ಸಿಯಸ್.

"ಯಪ್ಪಾ, ನಾ ಮಲಗೂ ಖೋಲಿ ನೆಲ ಬಾಗಲ ಕಡೆ ಬೆಚ್ಚಗೈತಿ. ಮಂಚದ ಕಡೆ ಕಾಲಿಡಾಕ ಆಗವಲ್ದು, ಕಲ್ಲಾಗೇತಿ."

ಡ್ಯಾಶ್‌ಬೋರ್ಡ್ ತೆಗೆದೆ. ಸಪ್ಲೈ ನೀರು 110 ಫ್ಯಾರನ್‌ಹೀಟ್, ಪಂಪ್ ಆನ್, ಗೆಸ್ಟ್ ರೂಮಿನ ಎರಡೂ ಲೂಪ್‌ಗಳ (ನೆಲದಡಿಯ ಪೈಪಿನ ಸುತ್ತುಗಳ) ಎದುರು ಹಸಿರು ಟಿಕ್ಕು, ಓಪನ್ 100%. ಸೆಟ್ 72, ರೂಮು 63. ಆ ಖೋಲಿ ಎರಡು ವರ್ಷ ಬಂದ್ ಇತ್ತಂತೆ, ಅಮ್ಮ ಬರುತ್ತಾರೆಂದು ಮೊನ್ನೆಯಷ್ಟೇ ಆನ್ ಮಾಡಿದ್ದರಂತೆ. ಇದನ್ನು ನೋಟ್ಸಿನಲ್ಲಿ ನಾನೇ ಟೈಪ್ ಮಾಡಿದ್ದೇನೆ, ಈಗಲೂ ಇದೆ. ಟೈಪ್ ಮಾಡಿದ ಬೆರಳಿಗೂ ತಲೆಗೂ ಸಂಬಂಧ ಇರಲಿಲ್ಲ ಅನ್ನಿ.

ಉತ್ತರ ಆಗಲೇ ಬಾಯಲ್ಲಿತ್ತು: ನೆಲದ ಸ್ಲ್ಯಾಬ್ ಕಾಯಲು ತಾಸುಗಟ್ಟಲೆ ಬೇಕು, ಅದೇನು ಗ್ಯಾಸ್ ಒಲೆಯೇ? ಮಂಚದ ಕೆಳಗಿನ ಜಮಖಾನೆ ತೆಗೆಸಿದೆ. ಅಷ್ಟರಲ್ಲಿ ಅವರೇ ಹೇಳಿದರು, "ಇಲ್ಲೊಂದು ಕಪಾಟಿನ್ಯಾಗ ಪೈಪ ಅದಾವು. ಕೈಯಿಟ್ಟು ನೋಡೀನಿ. ಒಂದು ಬಿಸಿ ಐತಿ, ಅದರ ಬಾಜೂದ್ದು ತಣ್ಣಗ ಐತಿ."

"ಅಮ್ಮಾರ, ಅದು ಹಂಗ ಇರೂದ್ರಿ. ಒಂದರಾಗ ಬಿಸಿನೀರು ಹೋಗತೈತಿ, ಇನ್ನೊಂದರಾಗ ಆರಿದ ನೀರು ಹೊಳ್ಳಿ ಬರತೈತಿ."

"ಹಂಗಂತಿಯೇನು?" ಅಂದು ಸುಮ್ಮನಾದರು.

ಆ "ಹಂಗಂತಿಯೇನು" ಇನ್ನೂ ಕಿವಿಯಲ್ಲಿದೆ. ಹೊಳ್ಳಿ ಬರುವ ನೀರು ಹತ್ತು-ಹದಿನೈದು ಡಿಗ್ರಿ ಇಳಿದಿರಬೇಕು, ಉಗುರುಬೆಚ್ಚಗೆ. ತಣ್ಣಗಿರಬಾರದು. ಯಾವ ಸಾಲಿನ ಪೈಪು, ಮೇಲಿನದೋ ಕೆಳಗಿನದೋ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಸಮಾಧಾನಕ್ಕೆ ಇಡೀ ಮನೆಯ ಸಪ್ಲೈಯನ್ನು 125ಕ್ಕೆ ಏರಿಸಿ, "ಕಸ್ಟಮರ್ ಎಜುಕೇಶನ್" ಕೋಡ್ ಹಾಕಿ ಟಿಕೆಟ್ ಮುಚ್ಚಿದೆ. ಡ್ರಾಪ್ ಕ್ಯಾಬಿನಲ್ಲಿ ಒಳ್ಳೆ ನಿದ್ದೆಯೂ ಬಂತು.

ಎರಡು ರಾತ್ರಿಯ ಮೇಲೆ ಅದೇ ಟಿಕೆಟ್ ರೀಓಪನ್. ಸರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಮಗಳ ಬೆಡ್‌ರೂಮಿನ ನೆಲ ಕಟ್ಟಿಗೆಯದು. ಅದರ ಸೆನ್ಸರ್ 84 ತೋರಿಸುತ್ತಿತ್ತು. ಮಿತಿ 85.

"125 ಯಾರು ಮಾಡ್ಯಾರ?"

"ನಾನ ರೀ ಸರ್."

"ಪಿನ್ ನೋಡಿದೇನು?"

"ಡ್ಯಾಶ್‌ಬೋರ್ಡಿನ್ಯಾಗ ಓಪನ್ ಐತ್ರಿ."

"ಓಪನ್ ಆಗು ಅಂತ ನಾವು ಹೇಳೇವಿ. ಆಗೇತಿ ಅಂತ ನಿನಗ ಯಾರು ಹೇಳಿದ್ರು?"

ನಮ್ಮ ಘನ ಪ್ರಾಡಕ್ಟಿನಲ್ಲಿ ಲೂಪಿಗೊಂದು ಫ್ಲೋ ಸೆನ್ಸರ್ ಇಲ್ಲ, ಖರ್ಚು ಉಳಿಸಿದ್ದಾರೆ. ಹಸಿರು ಟಿಕ್ಕು ಅಂದರೆ ಕಮಾಂಡ್ ಹೋಗಿದೆ ಅಂತ ಅಷ್ಟೇ. ಮೂರು ವರ್ಷದಿಂದ ಅದನ್ನೇ ನೋಡುತ್ತಿದ್ದೆ.

ಸಪ್ಲೈ ಇಳಿಸಿ ವಿಡಿಯೋ ಕಾಲ್ ಹಚ್ಚಿದೆವು. ಮೇಲಿನ ಸಾಲಿನಲ್ಲಿ ನೀರಿನ ಹರಿವು ತೋರಿಸುವ ಎರಡು ಗಾಜಿನ ನಳಿಗೆಗಳಲ್ಲಿ ಒಂದರ ಕೆಂಪು ಗುರುತು 0.6ರಲ್ಲಿ, ಇನ್ನೊಂದರದು ಸೊನ್ನೆಯಲ್ಲಿ. "ಅವತ್ತು ಮುಟ್ಟಿದ್ದು ಇವೆರಡು," ಅಂತ ಅಮ್ಮ ತೋರಿಸಿದ್ದು ಕೆಳಗಿನ ಸಾಲನ್ನು. ಎರಡೂ ರಿಟರ್ನ್, ನೀರು ಹೊಳ್ಳಿ ಬರುವ ಪೈಪು. ನಾನು ಮಾನಿಟರ್ ನೋಡಿದೆ, ಸರ್ ನನ್ನ ನೋಡಿದರು.

ಸೊನ್ನೆ ತೋರಿಸುವ ಲೂಪಿನ ಆಕ್ಚುಯೇಟರ್, ಅಂದರೆ ಕಮಾಂಡ್ ಬಂದಂತೆ ವಾಲ್ವಿನ ಪಿನ್ನು ಒತ್ತುವ, ಬಿಡುವ ಟೋಪಿ, ತೆಗೆಯಬೇಕಿತ್ತು. ಬಿಗಿ ಹಿಡಿದಿತ್ತು. "ಉಪ್ಪಿನಕಾಯಿ ಭರಣಿ ತೆಗದಾಕಿ ನಾ," ಅಂದು ಸೆರಗು ಸುತ್ತಿ ತಿರುವಿಯೇಬಿಟ್ಟರು. ಟೋಪಿ ಬಂತು. ಒಳಗೆ ಪಿನ್ನು ಮೇಲೆ ನಿಲ್ಲುವ ಬದಲು ಮುಳುಗಿ ಕೂತಿತ್ತು. ಎರಡು ವರ್ಷ ಮುಚ್ಚಿದ್ದಲ್ಲೇ ಹಿಡಿದುಕೊಂಡಿತ್ತು.

ಸರ್ ನನ್ನ ನೋಟ್‌ಪ್ಯಾಡಿನಲ್ಲಿ ದೊಡ್ಡದಾಗಿ ಬರೆದರು: ಇಕ್ಕಳ ಬ್ಯಾಡ. ಹಿಡಿದು ಎಳೆದರೆ ಪಿನ್ನು ಕೈಗೆ ಬಂದು ನೀರು ಚಿಮ್ಮುತ್ತದೆ. ಹೊರಗೆ ಮೈನಸ್ 20, ಒಳಗೆ ಎಪ್ಪತ್ತು ದಾಟಿದ ಅಮ್ಮ, ಸಾವಿರಾರು ಮೈಲಿ ಆಚೆ ನಾನು. ಮೆಲ್ಲಗೆ ತಟ್ಟಲು ಕಟ್ಟಿಗೆಯದು ಏನಾದರೂ ಇದೆಯೇ ಅಂದೆ. ಲಟ್ಟಣಿಗೆ ತಂದರು. ಹಿತ್ತಾಳೆಯ ಮೇಲೆ ಎರಡು ಪೆಟ್ಟು, ತುದಿಯಿಂದ ಪಿನ್ನಿಗೆ ಒಂದು ಒತ್ತು, ಬಿಡು. ಏನೂ ಇಲ್ಲ. ಮತ್ತೊಮ್ಮೆ. ಫೋನು ವಾಲಿ ನಮಗೆ ಬರೀ ಸೀಲಿಂಗ್ ಕಾಣುತ್ತಿತ್ತು. ನೀರು ತೊಟ್ಟಿಕ್ಕುವ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ. ಮೈಕ್ ಮ್ಯೂಟ್ ಮಾಡಿ ಸರ್ ಕೂಡ ಉಸಿರು ಬಿಡಲಿಲ್ಲ.

"ಎದ್ದತು ನೋಡು."

ಫೋನು ನೆಟ್ಟಗಾಯಿತು. ಆ ನಳಿಗೆಯಲ್ಲಿ ಸೊನ್ನೆ ಮೇಲೆ, ಹರಿವು ಹೆಚ್ಚಿದಂತೆ ಗುರುತು ಕೆಳಗೆ; ಕೆಂಪು ಗುರುತು ಸೊನ್ನೆಯಿಂದ 0.5ಕ್ಕೆ ಇಳಿದಿತ್ತು. ಐದು ನಿಮಿಷದ ಮೇಲೆ ತಣ್ಣನೆ ಪೈಪಿಗೆ ಕೈಯಿಟ್ಟು, "ಈಗ ಜೀಂವ ಬಂತು. ಇದನ್ನ ಮೊದಲ ಹೇಳಬಾರದೇನೋ ಯಪ್ಪಾ?" ಅಂದರು. ಮೊದಲು ಹೇಳಿದ್ದು ಅವರೇ.

ಹಸಿರು ಟಿಕ್ಕಿನ ಬದಲು "ಕಮಾಂಡ್ ಕಳಿಸಿದೆ" ಅಂತ ಬರೆಯಿರಿ ಎಂದು ಪ್ರಾಡಕ್ಟ್ ಟೀಮಿಗೆ ಟಿಕೆಟ್ ಹಾಕಿದೆ. ಬ್ಯಾಕ್‌ಲಾಗ್‌ನಲ್ಲಿದೆ, ಪ್ರಯಾರಿಟಿ ಲೋ. ಆ ತಿಂಗಳು ಕಾಲ್‌ಗಳ ಗುಣಮಟ್ಟ ನೋಡುವ ಕ್ಯೂಎಯವರು ನನ್ನ ಎರಡೂ ಕಾಲ್ ಕೇಳಿದರಂತೆ. ಎರಡನೆಯದಕ್ಕೆ ಕ್ಲೋಸಿಂಗ್ ಸ್ಕ್ರಿಪ್ಟ್ ಹೇಳಲಿಲ್ಲ ಅಂತ ಮಾರ್ಕ್ಸ್ ಕಡಿತ. ಮೊದಲನೆಯದಕ್ಕೆ ನೂರಕ್ಕೆ 96; "ಗ್ರಾಹಕರಿಗೆ ತಾಳ್ಮೆಯಿಂದ ವಿವರಿಸಿದ್ದಾರೆ" ಅಂತ ಷರಾ.