ಮೊದಲು ಗೇನ್ ಇಳಿಸಿ: ರೈಟ್ಸ್ ಆಫ್ ಸ್ಪ್ರಿಂಗ್, 1985

ಎಮೋ ಎಂಬ ಪಂಕ್ ಸಂಗೀತದ ಬಗೆ ಅಂದರೆ ಕಣ್ಣಿನ ಮೇಲೆ ಇಳಿಬಿಟ್ಟ ಕೂದಲು, ಢಾಳಾದ ಕಾಡಿಗೆ ಅಂದುಕೊಂಡವರು ರೈಟ್ಸ್ ಆಫ್ ಸ್ಪ್ರಿಂಗ್ ಬ್ಯಾಂಡ್ ತನ್ನದೇ ಹೆಸರಿಟ್ಟು ತಂದ ಈ ರೆಕಾರ್ಡ್ ಹಾಕಿದರೆ ಪೆಚ್ಚಾಗುತ್ತಾರೆ. ಆ ವೇಷ ಬಂದದ್ದು ಎಷ್ಟೋ ವರ್ಷಗಳ ನಂತರ. ವಾಷಿಂಗ್ಟನ್ ಡಿ.ಸಿ.ಯ ನಾಲ್ವರು 1985ರ ಫೆಬ್ರವರಿಯಲ್ಲಿ ಪಕ್ಕದ ಆರ್ಲಿಂಗ್ಟನ್‌ನ ಇನ್ನರ್ ಇಯರ್‌ನಲ್ಲಿ ಇದನ್ನು ಧ್ವನಿಮುದ್ರಿಸಿದರು. ಹೆಸರಿಗೆ ಸ್ಟುಡಿಯೊ, ಆಗ ಅದು ಡಾನ್ ಝಿಯೆಂಟಾರಾ ಅವರ ಮನೆಯ ನೆಲಮಾಳಿಗೆ. ನಿರ್ಮಾಪಕ ಇಯಾನ್ ಮೆಕಾಯ್, ಲೇಬಲ್ ಡಿಸ್ಕಾರ್ಡ್.

ಬ್ರೆಂಡನ್ ಕ್ಯಾಂಟಿಯ ಡ್ರಮ್ಸ್ ಹಾರ್ಡ್‌ಕೋರ್ ಪಂಕ್‌ನ ಬಿರುಸಿನ ವೇಗದಲ್ಲೇ ಓಡುತ್ತದೆ. ರಾಗ ಹುಡುಕಬೇಕಾದದ್ದು ಮೈಕ್ ಫೆಲೋಸ್‌ನ ಬಾಸ್‌ನಲ್ಲಿ. 'ಫಾರ್ ವಾಂಟ್ ಆಫ್' ಕೇಳುವಾಗ ಗಿಟಾರ್ ಬಿಟ್ಟು ಬಾಸ್ ಒಂದನ್ನೇ ಹಿಂಬಾಲಿಸಿ. ಫೋನಿನ ಸ್ಪೀಕರಿನಲ್ಲಿ ಅದು ಸಿಗುವುದಿಲ್ಲ, ಹೆಡ್‌ಫೋನ್ ಬೇಕು.

ಈ ಬಗೆಯ ಹಾಡು ನುಡಿಸಲು ಹೊರಟವರು ಮೊದಲು ಕಲಿಯಬೇಕಾದದ್ದು ಗಿಟಾರಿನಲ್ಲಿ ಆಕ್ಟೇವ್, ಅಂದರೆ ಒಂದೇ ಸ್ವರವನ್ನು ಕೆಳಗಿನ ಮತ್ತು ಮೇಲಿನ ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸುವುದು. ಐದನೇ ತಂತಿಯ 5ನೇ ಫ್ರೆಟ್‌ಗೆ ತೋರುಬೆರಳು, ಮೂರನೇ ತಂತಿಯ 7ನೇ ಫ್ರೆಟ್‌ಗೆ ಉಂಗುರಬೆರಳು. ನಾಲ್ಕನೇ, ಎರಡನೇ, ಒಂದನೇ ತಂತಿಗಳಿಗೆ ತೋರುಬೆರಳಿನ ಒಳಭಾಗ ಸುಮ್ಮನೆ ತಾಗಿರಲಿ, ಅದರ ತುದಿ ಆರನೇ ತಂತಿಯನ್ನು ಮುಟ್ಟಿರಲಿ. ಇನ್ನು ಬಲಗೈ ಎಷ್ಟು ಜೋರಾಗಿ ಬೀಸಿದರೂ ಕೇಳಿಸುವುದು ಎರಡೇ ಸ್ವರ. ಸಿಟ್ಟು ಬಲಗೈಯದು, ರಾಗ ಎಡಗೈಯದು. ನಾಲ್ಕನೇ ಮತ್ತು ಎರಡನೇ ತಂತಿಯ ಜೋಡಿಗೆ ಹೋದಾಗ ಅಂತರ ಎರಡಲ್ಲ, ಮೂರು ಫ್ರೆಟ್. ಎರಡನೇ ತಂತಿಯ ಶ್ರುತಿಯೇ ಬೇರೆ ಲೆಕ್ಕದ್ದು, ಇಲ್ಲಿ ಎಡವದವರಿಲ್ಲ.

ಹೆಚ್ಚಿನವರು ಕೆಡುವುದು ಗೇನ್, ಅಂದರೆ ಗಿಟಾರಿನ ದನಿ ಎಷ್ಟು ಒಡೆಯಬೇಕೆಂದು ಆಂಪ್‌ನಲ್ಲಿ ತಿರುಗಿಸುವ ಮಟ್ಟ, ಅದರ ವಿಷಯದಲ್ಲಿ. ಸಿಟ್ಟಿನ ಹಾಡು ಅಂತ ಮೆಟಲ್ ಪೆಡಲ್ ಒತ್ತಿದರೆ ಎರಡು ಗಿಟಾರೂ ಕಲಸಿ ಒಂದೇ ಗುಂಯ್ ಆಗುತ್ತದೆ, ಬಾಸ್‌ಗೆ ಜಾಗವೇ ಉಳಿಯುವುದಿಲ್ಲ. ಮೆಲ್ಲಗೆ ಮೀಟಿದರೆ ಸ್ವಚ್ಛವಾಗಿ, ಬಲವಾಗಿ ಮೀಟಿದಾಗ ಮಾತ್ರ ಒಡೆಯುವಷ್ಟು ಗೇನ್ ಸಾಕು.

ಹಾಡುಗಾರ ಗೈ ಪಿಚೋಟೊನ ದನಿಯನ್ನು ಮಾತ್ರ ಅನುಕರಿಸಬೇಡಿ. ಅದು ಬಿರಿಯುವುದು ಸಾಲಿನ ಅರ್ಥ ತಡೆಯಲಾರದ ಕಡೆ. ಎಲ್ಲ ಸಾಲಲ್ಲೂ ಬಿರಿಸಿದರೆ ಬರೀ ಗಂಟಲು ನೋವು. ಆತನೂ ಕ್ಯಾಂಟಿಯೂ ಮುಂದೆ ಮೆಕಾಯ್ ಜೊತೆಗೇ ಫುಗಾಜಿ ಬ್ಯಾಂಡ್ ಸೇರಿದರು. ಎಮೋ ಎಂಬ ಹಣೆಪಟ್ಟಿ ಪಿಚೋಟೊಗೆ ಎಂದೂ ಹಿಡಿಸಲಿಲ್ಲ.

ಎಲ್‌ಪಿಯಲ್ಲಿರುವುದು 12 ಹಾಡು. 'ಎಂಡ್ ಆನ್ ಎಂಡ್' ಹೆಸರಿನ ಸಿಡಿಯಲ್ಲಿ 17, ಏಕೆಂದರೆ ಎಲ್‌ಪಿಯಲ್ಲಿ ಇಲ್ಲದ ಇನ್ನೊಂದು ಹಾಡನ್ನೂ ಆಮೇಲಿನ ಇಪಿಯ (ಚಿಕ್ಕ ರೆಕಾರ್ಡ್) ನಾಲ್ಕು ಹಾಡನ್ನೂ ಸೇರಿಸಿದ್ದಾರೆ. ಮೊದಲ ಸಲ ಕೇಳುವವರು ಏಳು ನಿಮಿಷ ಮೀರುವ ಶೀರ್ಷಿಕೆ ಹಾಡಿಗೇ ನಿಲ್ಲಿಸಿ. ಇಪಿಯನ್ನು ಮರುದಿನಕ್ಕೆ ಇಟ್ಟುಕೊಳ್ಳಿ.